ಉಪ್ಪು ಗಾಳಿಗೆ ಕಟ್ಟಿದ ಕಬ್ಬಿಣದ ಮನೆ

"ನಿಮಗೇನಮ್ಮಾ ಕಮ್ಮಿ, ಸಮುದ್ರದ ದಂಡೇಲಿ ಸ್ವಂತ ಮನೆ ಇದೆ" ಎಂದು ಶಿವಮೊಗ್ಗದ ವಿನೋಬನಗರದ ನಮ್ಮ ಬೀದಿಯ ಹೆಂಗಸರು ಅಂದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಅವರೇನೂ ಕೆಟ್ಟದ್ದಕ್ಕೆ ಹೇಳುತ್ತಿರಲಿಲ್ಲ. ರಜೆ ಬಂದರೆ ಸಾಕು, ನಾವು ಗಂಡ ಹೆಂಡತಿ ಹೆಗಲಿಗೆ ಚೀಲ ಹಾಕಿಕೊಂಡು ಕುಂದಾಪುರದ ಬಸ್ಸು ಹತ್ತುವುದನ್ನು ನೋಡಿದವರು ಇನ್ನೇನು ಅಂದುಕೊಂಡಾರು? ಚೀಲದಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಎಮರಿ ಕಾಗದ, ತಂತಿ ಬ್ರಷ್ಷು, ರೆಡ್ ಆಕ್ಸೈಡಿನ ಡಬ್ಬಿ, ಥಿನ್ನರ್ ಬಾಟಲಿ, ಹಳೇ ಪಂಚೆ ಹರಿದ ಬಟ್ಟೆ. ಸಮುದ್ರ ನೋಡಲು ಹೋಗುವವರು ಯಾರಾದರೂ ಇದನ್ನೆಲ್ಲ ಹೊತ್ತುಕೊಂಡು ಹೋಗುತ್ತಾರಾ? ನಾವು ಹೋಗುತ್ತಿದ್ದೆವು.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ನಿವೃತ್ತರಾದಾಗ ನಾನಿನ್ನೂ ಹೈಸ್ಕೂಲು. ಕೀಲಿ ಒಪ್ಪಿಸಬೇಕಾದ ದಿನ ಬೆಳಿಗ್ಗೆ ಅಮ್ಮ ಅಡುಗೆಮನೆಯ ಕಟ್ಟೆಯನ್ನು ಸೋಪು ಹಾಕಿ ತಿಕ್ಕಿ ತೊಳೆದಳು. ನೆಲ ಒರೆಸಿದಳು. ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟಳು. ಹೊಸದಾಗಿ ಬರುವವರ ಸಾಮಾನಿನ ಗಾಡಿ ಆಗಲೇ ಬೀದಿಯಲ್ಲಿ ಬಂದು ನಿಂತಿತ್ತು, ಅವರ ಮನೆಯ ಹೆಂಗಸು ಗಾಡಿಯ ಪಕ್ಕದಲ್ಲಿ ನಿಂತು ನಮ್ಮ ಸೀಬೆ ಮರವನ್ನು ನೋಡುತ್ತಿದ್ದಳು. ಅಮ್ಮ ನೆಟ್ಟ ಮರ ಅದು. "ನಮ್ದಲ್ಲದ ಮನೆಗೆ ಯಾಕಮ್ಮ ರಂಗೋಲಿ?" ಎಂದು ಕೇಳಿದ್ದಕ್ಕೆ ಅಮ್ಮ ಎಂದೂ ಇಲ್ಲದವಳು ನನ್ನ ಕೆನ್ನೆಗೆ ಬಾರಿಸಿದಳು. ಆಮೇಲೆ ತಾನೇ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಅವತ್ತೇ ನನ್ನ ತಲೆಯೊಳಗೆ ಒಂದು ಆಸೆ ಕೂತಿತು. ನನಗೆ ದೊಡ್ಡ ಮನೆ ಬೇಡ, ಮಹಡಿ ಬೇಡ. ಖಾಲಿ ಮಾಡಿ ಎಂದು ಯಾರೂ ಹೇಳಲಾಗದ ಒಂದು ಮನೆ ಬೇಕು, ಅಷ್ಟೆ. ಆದರೆ ಹಣೆಬರಹ ನೋಡಿ, ನನ್ನನ್ನು ಕೊಟ್ಟದ್ದು ಅದೇ ಕಾರ್ಖಾನೆಯ ಫೌಂಡ್ರಿಯಲ್ಲಿ ಕೆಲಸ ಮಾಡುವವರಿಗೆ. ಎರಡು ಬೀದಿ ಆಚೆ ಇನ್ನೊಂದು ಕ್ವಾರ್ಟರ್ಸು. ಅದೇ ಹೆಂಚು, ಅದೇ ಹಳದಿ ಗೋಡೆ, ಅದೇ ಸೈರನ್ನಿಗೆ ಏಳುವುದು, ಅದೇ ಸೈರನ್ನಿಗೆ ಒಲೆ ಹಚ್ಚುವುದು. ಮದುವೆಯಾದ ವಾರದಲ್ಲೇ ನಮ್ಮ ಯಜಮಾನರಿಗೆ ಹೇಳಿದ್ದೆ, "ರಿಟೈರ್ ಆಗೋ ಹೊತ್ತಿಗೆ ನಮ್ದು ಅಂತ ಒಂದು ಮನೆ ಆಗ್ಬೇಕು ಕಣ್ರೀ." ಅವರು ನಕ್ಕು, "ಈಗಿನ್ನೂ ಸೇರಿದೀನಿ, ಆಗ್ಲೇ ರಿಟೈರ್ ಮಾಡ್ಸ್ತೀಯಲ್ಲೇ ಮಾರಾಯ್ತಿ" ಅಂದರು. ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅವರು ನಿವೃತ್ತರಾಗುವ ಮುಂಚೆಯೇ ನಾನು ಶಿವಮೊಗ್ಗದಲ್ಲಿ ಸೈಟು ನೋಡಲು ಶುರು ಮಾಡಿದ್ದೆ. ಮಗಳು ಅಲ್ಲೇ ಓದುತ್ತಿದ್ದಳು. ರಾಗಿಗುಡ್ಡದ ಕಡೆ ಒಂದು ಚಿಕ್ಕ ಸೈಟು ಸಿಗುವ ಹಾಗಿತ್ತು. ಇವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಗೂಟ ಹೊಡೆದ ಜಾಗ, ಮುಳ್ಳುಗಿಡ, ಕಲ್ಲು. ನನ್ನ ಕಣ್ಣಿಗೆ ಆಗಲೇ ಅಲ್ಲಿ ಅಡುಗೆಮನೆ ಎದ್ದಿತ್ತು. ಇವರು ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿ, "ಏನಿದೆಯೇ ಇಲ್ಲಿ? ಬಿಸಿಲು, ಕಲ್ಲು. ಇದಕ್ಕೆ ಭದ್ರಾವತಿನೇ ವಾಸಿ" ಎಂದು ತಿರುಗಿ ನಡೆದರು.

ಆಗಲೇ ಅವರ ಮನಸ್ಸು ಸಮುದ್ರಕ್ಕೆ ಬಿದ್ದಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಫೌಂಡ್ರಿಯ ಗೆಳೆಯರೆಲ್ಲ ಸೇರಿ ಒಂದು ಸಲ ಟೆಂಪೋ ಮಾಡಿಕೊಂಡು ಕರಾವಳಿಗೆ ಹೋಗಿದ್ದೆವು, ಹೆಂಗಸರು ಮಕ್ಕಳ ಸಮೇತ. ಎಲ್ಲರೂ ದೇವಸ್ಥಾನ, ಹೋಟೆಲು, ಫೋಟೋ ಎಂದು ತಿರುಗುತ್ತಿದ್ದರೆ ಇವರು ಮರಳಿನ ಮೇಲೆ ಕೂತವರು ಊಟಕ್ಕೆ ಕರೆಯುವವರೆಗೂ ಏಳಲಿಲ್ಲ. ಶರ್ಟಿನ ಗುಂಡಿಯೆಲ್ಲ ಬಿಚ್ಚಿ, ಕಣ್ಣು ಮುಚ್ಚಿ, ಎದೆಗೆ ಗಾಳಿ ಕುಡಿಯುತ್ತಾ ಕೂತಿದ್ದರು. "ಏನ್ರೀ ಇದು ಮಗು ಥರ?" ಅಂದೆ. "ಇಡೀ ಆಯಸ್ಸು ಬೆಂಕಿ ಮುಂದೆ ನಿಂತಿದೀನಿ ಮಾರಾಯ್ತಿ. ಇನ್ನು ಗಾಳಿ ಮುಂದೆ ಕೂತ್ಕೋತೀನಿ" ಅಂದರು. ಅವರ ಮುಂಗೈಯ ಸುಟ್ಟ ಕಲೆಗಳಿಗೆ ಎಣ್ಣೆ ಹಚ್ಚಿದವಳು ನಾನೇ. ಆ ಮಾತಿನಲ್ಲಿ ತಪ್ಪಿತ್ತು ಎಂದು ಇವತ್ತಿಗೂ ಹೇಳಲಾರೆ.

ಕುಂದಾಪುರ ದಾಟಿ ಸ್ವಲ್ಪ ದೂರದಲ್ಲಿ ಒಂದು ಮೀನುಗಾರರ ಊರು. ಅಲ್ಲಿ ಹಳೆಯದೊಂದು ಮನೆ ಮಾರಾಟಕ್ಕಿದೆ ಎಂದು ಯಾರೋ ಹೇಳಿದರು. ಇವರು ಹೋಗಿ ನೋಡಿಕೊಂಡು ಬಂದರು, ಮುಂಗಡ ಕೊಟ್ಟೂ ಬಂದರು. ನನಗೆ ಹೇಳಿದ್ದು ಆಮೇಲೆ, ಊಟಕ್ಕೆ ಕೂತಾಗ, ಸಾರು ಬಡಿಸಿಕೊಳ್ಳುತ್ತಾ. ನನ್ನ ಮುಖ ನೋಡಿ ಅವರಿಗೇ ಏನನ್ನಿಸಿತೋ, "ನಿನ್ನ ಹೆಸರಿಗೇ ರಿಜಿಸ್ಟರ್ ಮಾಡ್ಸ್ತೀನಿ ಕಣೇ. ಇನ್ನೇನ್ ಬೇಕು?" ಅಂದರು. ನಿವೃತ್ತಿಯ ದುಡ್ಡೆಲ್ಲ ಅಲ್ಲಿಗೇ ಹೋಯಿತು. ಮಗಳ ಓದು ಮುಗಿದು ಮದುವೆಯಾಗುವವರೆಗೆ ಶಿವಮೊಗ್ಗದಲ್ಲಿ ಬಾಡಿಗೆಗೆ ಇರುವುದು, ಆಮೇಲೆ ನಾವಿಬ್ಬರೂ ಸಮುದ್ರದ ಮನೆಗೇ ಹೋಗಿಬಿಡುವುದು ಎಂದು ತೀರ್ಮಾನವಾಯಿತು. ತೀರ್ಮಾನ ಅವರದು, ಗಂಟುಮೂಟೆ ಕಟ್ಟುವುದು ನನ್ನದು.

ಮನೆ ನೋಡಿದಾಗ ನನಗೂ ಬೇಡ ಎನ್ನಲು ಬಾಯಿ ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೆಂಪು ಮುರಕಲ್ಲಿನ ದಪ್ಪ ಗೋಡೆ, ಹೆಂಚಿನ ಮಾಡು, ಮುಂದೆ ಜಗಲಿ. ಕಿಟಕಿಗೆ ಮರದ ಸರಳು. ಹಿಂದುಗಡೆ ನಾಲ್ಕು ತೆಂಗಿನ ಮರ, ಅದರಾಚೆ ಮರಳು, ಅದರಾಚೆ ನೀರು. ಪಕ್ಕದ ಮನೆಯಲ್ಲಿ ಒಣಮೀನು ಮಾರುವ ಹೆಂಗಸು, ನನಗಿಂತ ಹಿರಿಯಳು. ಮೊದಲ ದಿನವೇ ಬಾವಿಯಿಂದ ಒಂದು ಕೊಡ ನೀರು ತಂದು ಜಗಲಿಯ ಮೇಲಿಟ್ಟು, "ಬನ್ನಿ ಅಮ್ಮ, ಮನೆಗೆ ದೀಪ ಹಚ್ಚುವ ಜನ ಬಂದ್ರಲ್ಲ, ಒಳ್ಳೇದಾಯ್ತು" ಅಂದಳು. ನಾನು ಅವಳನ್ನು ಅಕ್ಕ ಎಂದೇ ಕರೆದೆ.

ಅದನ್ನು ಹಾಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಭದ್ರಾವತಿಯ ಗಂಡಸಿಗೆ ಮರದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? "ಇದೇನ್ ಕಿಟಕಿನಾ, ಬುಟ್ಟಿನಾ? ಗೆದ್ದಲು ತಿಂದ್ ಹಾಕುತ್ತೆ. ಎಲ್ಲ ಕಬ್ಬಿಣದ್ದು ಹಾಕ್ಸ್ಬೇಕು" ಎಂದು ಗೋಡೆಯಿಂದ ಗೋಡೆಗೆ ಅಳತೆ ಹಿಡಿದರು. ನಮ್ಮ ಕಡೆ ಒಂದು ಪದ್ಧತಿ ಇತ್ತು. ಫೌಂಡ್ರಿಯವನೊಬ್ಬ ಮನೆ ಮಾಡಿದರೆ ಅವನ ಪಾಳಿಯವರೆಲ್ಲ ಕೂಡಿ ಗೇಟು ಮಾಡಿಕೊಡಬೇಕು. ಕೂಲಿ ತೆಗೆದುಕೊಳ್ಳುವಂತಿಲ್ಲ. ಕೋಳಿ ಸಾರು, ಮುದ್ದೆ, ಆಮೇಲೆ ಎಲೆ ಅಡಿಕೆ, ಅಷ್ಟೇ. ಕ್ವಾರ್ಟರ್ಸಿನಲ್ಲಿ ಸವೆದವರಲ್ಲಿ ಸ್ವಂತ ಮನೆ ಮಾಡುವವನು ಅಪರೂಪ, ಹಾಗಾಗಿ ಒಬ್ಬನಿಗೆ ಆದರೆ ಎಲ್ಲರಿಗೂ ಆದಂತೆ. ಗೇಟಿನ ಮಾತು ಕಿಟಕಿಗೆ ಹೋಯಿತು, ಕಿಟಕಿಯ ಮಾತು ಹೆಂಚು ಹೊರುವ ಮಾಡಿನ ಪೈಪಿಗೆ ಹೋಯಿತು. ಭದ್ರಾವತಿಯ ಒಂದು ಶೆಡ್ಡಿನಲ್ಲಿ ಎರಡು ತಿಂಗಳು ಕಿಡಿ ಹಾರಿತು.

ಲಾರಿ ಹುಲಿಕಲ್ ಘಾಟಿ ಇಳಿದು ಬಂದ ದಿನ ಆ ಊರಿನವರೆಲ್ಲ ರಸ್ತೆಗೆ ಬಂದು ನೋಡಿದರು. ಗೇಟು, ಗ್ರಿಲ್ಲು, ಕಿಟಕಿ, ಬಾಗಿಲ ಚೌಕಟ್ಟು, ಮಾಡಿಗೆ ಹಾಕುವ ಪೈಪು, ಎಲ್ಲ ಕಬ್ಬಿಣ. ಗೇಟಿನ ನಡುವೆ ಉದಯಿಸುವ ಸೂರ್ಯ, ಅದಕ್ಕೆ ಬಗ್ಗಿಸಿದ ಕಂಬಿಯ ಕಿರಣಗಳು. ಗೇಟು ಮಾಡಿದವರು ಇವರ ಪಾಳಿಯ ವೆಲ್ಡರೊಬ್ಬರು, ತಮಿಳು ಮಾತಾಡುವವರು, ನನ್ನನ್ನು ಅಣ್ಣಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದರು. "ಅಣ್ಣೀ, ನೋಡ್ಕೊಳ್ಳಿ. ಸಮುದ್ರ ಬತ್ತಿದ್ರೂ ಈ ಗೇಟ್ ಹೋಗಲ್ಲ" ಎಂದು ಗೇಟಿನ ಬೆನ್ನು ತಟ್ಟಿದರು. ಗಂಡಸರು ಆ ಮೂರು ದಿನ ಹಾಡು ಹೇಳಿಕೊಂಡು, ಒಬ್ಬರಿಗೊಬ್ಬರು ಬೈದುಕೊಂಡು, ಮಕ್ಕಳ ಹಾಗೆ ಕೆಲಸ ಮಾಡಿದರು. ನಾನು ಕೋಳಿ ಸಾರು ಮಾಡಿ ಬಡಿಸಿದೆ. ಕಿತ್ತ ಮರದ ಕಿಟಕಿಗಳನ್ನು ಇವರು ಸೌದೆಗೆ ಎಂದು ಪಕ್ಕದ ಅಕ್ಕನ ಅಂಗಳಕ್ಕೆ ಹಾಕಿಸಿದರು.

ಅಕ್ಕ ಅವತ್ತು ನನ್ನನ್ನು ಪಕ್ಕಕ್ಕೆ ಕರೆದಳು. "ಕಾಣಿ ಅಮ್ಮ, ನಾ ಹೇಳ್ದೆ ಅಂತ ಬೇಜಾರ ಮಾಡ್ಬೇಡಿ. ಇಲ್ಲಿ ಕಬ್ಣ ನಿಲ್ಲುದಿಲ್ಲ. ಉಪ್ಪು ಗಾಳಿ ಅಲ್ದಾ?" ನಾನು ಆ ಮಾತನ್ನು ಯಜಮಾನರಿಗೆ ಹೇಳಿದೆ. ಕೈಯಲ್ಲಿ ಎಲೆ ಅಡಿಕೆ ಹಿಡಿದಿದ್ದ ಗಂಡಸರೆಲ್ಲ ಹೋ ಎಂದು ನಕ್ಕರು. "ಕಬ್ಬಿಣದ ವಿಷ್ಯ ನಮಗೆ ಮೀನು ಮಾರೋರು ಹೇಳ್ಕೊಡ್ಬೇಕಾ? ಇಡೀ ಜೀವ ಅದನ್ನೇ ಕುದಿಸಿದೀವಿ!" ಅಂದರು ಇವರು. ಕಬ್ಬಿಣ ಕುದಿಸಿದ್ದು ನಿಜ. ಅದು ಹೇಗೆ ಕೆಂಪಾಗುತ್ತದೆ, ಹೇಗೆ ಹರಿಯುತ್ತದೆ, ಯಾವ ಹದಕ್ಕೆ ಅಚ್ಚಿಗೆ ಹೊಯ್ಯಬೇಕು, ಎಲ್ಲ ಗೊತ್ತು. ಅದು ಹೇಗೆ ಸಾಯುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಕಾರ್ಖಾನೆಯ ಗೇಟು ದಾಟಿ ಹೋದ ಕಬ್ಬಿಣದ ಹಿಂದೆ ಯಾರು ಹೋಗಿ ನೋಡಿದ್ದಾರೆ?

ಮುಂದಿನ ಜಗಲಿ ತೆಗೆಸಿ ಅಲ್ಲೊಂದು ಕೋಣೆ, ಮೇಲೆ ಕಾಂಕ್ರೀಟಿನ ತಾರಸಿ. ಅದಕ್ಕೆ ತಂದ ಕಂಬಿಗಳು ವಾರಗಟ್ಟಲೆ ಆ ಗಾಳಿಯಲ್ಲೇ ಬಿದ್ದು ಕಂದು ಬಣ್ಣಕ್ಕೆ ತಿರುಗಿದ್ದವು. "ಹೀಗಾಗಿದೆಯಲ್ರೀ?" ಅಂದರೆ, "ಸ್ವಲ್ಪ ತುಕ್ಕು ಇದ್ರೆ ಸಿಮೆಂಟ್ ಗಟ್ಟಿ ಕಚ್ಕೊಳುತ್ತೆ, ಸುಮ್ನಿರು" ಅಂದರು. ಗೃಹಪ್ರವೇಶಕ್ಕೆ ಅಮ್ಮನ ಹಳೆಯ ಕಂಚಿನ ದೀಪ ತಂದು ಹಚ್ಚಿದೆ. ಬಾಗಿಲಿಗೆ ರಂಗೋಲಿ ಇಟ್ಟು ಎದ್ದು ನಿಂತಾಗ ಎದೆ ತುಂಬಿ ಬಂತು. ಇದು ನನ್ನ ಹೊಸ್ತಿಲು, ಇಲ್ಲಿಂದ ಏಳು ಅನ್ನುವವರು ಇನ್ನು ಯಾರೂ ಇಲ್ಲ ಎಂದುಕೊಂಡೆ. ಸುಳ್ಳು ಹೇಳಲಾರೆ, ಅವತ್ತು ನಾನು ಸುಖವಾಗಿದ್ದೆ.

ಮೊದಲ ಮಳೆಗಾಲ ಕಳೆದು ಹೋದಾಗ ಎಲ್ಲ ಕಿಟಕಿಯ ಕೆಳಗೂ ಗೋಡೆಯ ಮೇಲೆ ಕಂದು ನೀರು ಇಳಿದಿತ್ತು. ಇವರು ಒರೆಸಿ ನೋಡಿ, "ಪೇಂಟ್ ಸರಿ ಇಲ್ಲ. ಅಂಗಡಿಯೋನು ಮೋಸ ಮಾಡಿದಾನೆ" ಅಂದರು. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಹೆಚ್ಚು ದುಡ್ಡಿನ ಪೇಂಟು ತಂದರು. ಮುಂದಿನ ಸಲ ಹೋದಾಗ ಆ ಪೇಂಟು ಹಪ್ಪಳದ ಹಾಗೆ ಉಬ್ಬಿತ್ತು, ಬೆರಳಲ್ಲಿ ಒತ್ತಿದರೆ ಪಟಪಟ ಒಡೆದು ಒಳಗಿಂದ ಕಂದು ಹಿಟ್ಟು ಉದುರುತ್ತಿತ್ತು. ಅಲ್ಲಿಂದ ಶುರುವಾಯಿತು ನಮ್ಮ ಊಳಿಗ. ಯುಗಾದಿ ರಜಕ್ಕೆ ಕಿಟಕಿ ಕೆರೆಯುವುದು, ದಸರಾ ರಜಕ್ಕೆ ಗ್ರಿಲ್ಲು ಕೆರೆಯುವುದು. ಸಮುದ್ರ ಹಿಂದುಗಡೆ ಬಡಿದುಕೊಳ್ಳುತ್ತಿರುತ್ತಿತ್ತು, ನಾವು ಅದಕ್ಕೆ ಬೆನ್ನು ಹಾಕಿ ಎಮರಿ ಕಾಗದ ಉಜ್ಜುತ್ತಿದ್ದೆವು. ಉಗುರಿನ ಸಂದಿಯ ಕಂದು ಶಿವಮೊಗ್ಗಕ್ಕೆ ಬಂದು ವಾರವಾದರೂ ಹೋಗುತ್ತಿರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುತ್ತಾರಲ್ಲ, ಅದನ್ನು ನಾನು ವರ್ಷಗಟ್ಟಲೆ ತೊಳೆದೆ.

ಗಾಳಿ ಮುಂದೆ ಕೂರುತ್ತೇನೆ ಅಂದಿದ್ದ ಮನುಷ್ಯ ಒಂದು ದಿನ ಕೂರಲಿಲ್ಲ. ಏಣಿ ಹತ್ತುವುದು, ಇಳಿಯುವುದು, ಗೇಟಿನ ಸೂರ್ಯನ ಕಿರಣಗಳನ್ನು ಒಂದೊಂದಾಗಿ ಉಜ್ಜುವುದು. ಒಂದು ವರ್ಷ ಎರಡು ಕಿರಣ ಮುರಿದು ಕೈಗೇ ಬಂದವು. ಅವನ್ನು ಜೇಬಿಗೆ ಹಾಕಿಕೊಂಡರು, ನಾನು ನೋಡಲಿಲ್ಲ ಎಂದುಕೊಂಡು. "ರೀ, ಇದನ್ನೆಲ್ಲ ಕಿತ್ತು ಮತ್ತೆ ಮರದ್ದೇ ಹಾಕ್ಸಿ" ಎಂದು ಎಷ್ಟು ಬೇಡಿಕೊಂಡೆ! "ನಮ್ಮ ಹುಡುಗ್ರು ಮಾಡಿಕೊಟ್ಟಿದ್ದು. ಕಿತ್ತು ಗುಜರಿಗೆ ಹಾಕಕ್ಕೆ ನನ್ನ ಕೈಲಾಗಲ್ಲ" ಅಂದರು. "ನಿಮ್ಮ ಹುಡುಗ್ರೇನು ಇಲ್ಲಿ ಬಂದು ಬಾಳ್ತಾರಾ? ಬಾಳೋಳು ನಾನು!" ಎಂದು ಕಿರುಚಿದೆ. ಮೂರು ದಿನ ಮಾತಿಲ್ಲ. ಬಸ್ಸಿನಲ್ಲಿ ಅಕ್ಕಪಕ್ಕ ಕೂತು, ಒಬ್ಬರ ಮುಖ ಒಬ್ಬರು ನೋಡದೆ ಘಾಟಿ ಹತ್ತಿ ಬಂದೆವು.

ಮಳೆಗಾಲಕ್ಕೆ ಮುಂಚೆ ಆ ಊರಿನವರೆಲ್ಲ ಪಡುವಣ ಬದಿಯ ಗೋಡೆಗೆ ತೆಂಗಿನ ಗರಿಯ ತಟ್ಟಿ ಕಟ್ಟುತ್ತಾರೆ. ಗಾಳಿ ಮಳೆ ಎರಡೂ ಮೊದಲು ಅದನ್ನು ಬಡಿಯಲಿ ಎಂದು. ಅಕ್ಕ ನಮಗೂ ಹೆಣೆದಿಟ್ಟಿದ್ದಳು. ಇವರು ಕಟ್ಟಲು ಬಿಡಲಿಲ್ಲ. "ಗರಿ ಕಟ್ಟಿ ಕಬ್ಬಿಣ ಕಾಯ್ಬೇಕಾ? ನೋಡ್ದೋರು ನಗ್ತಾರೆ." ಇನ್ನೊಂದು ಸಲ ಅವಳು, "ಮನೆ ಬೀಗ ಹಾಕಿ ಇಡ್ಬೇಡಿ ಅಮ್ಮ. ಜನ ಉಸಿರಾಡ್ದೇ ಇದ್ರೆ ಇಲ್ಲಿ ಮನೆ ಬದುಕುದಿಲ್ಲ. ಕೀಲಿ ಕೊಟ್ಟು ಹೋಗಿ, ನಾ ದಿನಾ ಬಾಗಿಲು ತೆಗೀತೆ" ಎಂದಳು. ಕೊಡಲು ನನಗೇ ಮನಸ್ಸಾಗಲಿಲ್ಲ. ಹುಟ್ಟಿದಾರಭ್ಯ ಬೇರೆಯವರ ಕೀಲಿ ಹಿಡಿದವಳು ನಾನು, ನನ್ನದೊಂದು ಸಿಕ್ಕ ಮೇಲೆ ಇನ್ನೊಬ್ಬರ ಕೈಗೆ ಹೇಗೆ ಕೊಡಲಿ? ಮುಂದಿನ ಸಲ ಹೋದಾಗ ಬೀಗ ತುಕ್ಕು ಹಿಡಿದು ತೆಗೆಯಲೇ ಬರಲಿಲ್ಲ. ಇವರು ಕೀಲಿ ತಿರುಗಿಸಿದರು, ಎಣ್ಣೆ ಬಿಟ್ಟರು, ಬೈದರು. ಕೊನೆಗೆ ಅಕ್ಕನ ಮನೆಯಿಂದ ಸುತ್ತಿಗೆ ತಂದು, ನಮ್ಮ ಮನೆಯ ಬೀಗವನ್ನು ನಾವೇ ಕಳ್ಳರ ಹಾಗೆ ಒಡೆದು ಒಳಗೆ ಹೋದೆವು. ಒಳಗೆ ಬೂಷ್ಟಿನ ವಾಸನೆ. ಬೀರುವಿನ ಬಾಗಿಲು ಎಳೆದರೆ ಹಿಡಿ ಕಳಚಿ ಬಂತು, ಒಳಗಿದ್ದ ನನ್ನ ಎರಡು ಸೀರೆಗೆ ಕಂದು ಕಲೆ.

ಅವತ್ತು ಸಂಜೆ ಅಕ್ಕನ ಮನೆಯ ಹಿಂದೆ ಹೋದಾಗ ಅವಳ ದನದ ಕೊಟ್ಟಿಗೆ ನೋಡಿದೆ. ಸೌದೆಗೆ ಎಂದು ನಾವು ಹಾಕಿದ್ದ ಮರದ ಕಿಟಕಿಗಳನ್ನು ಅವಳು ಅಲ್ಲಿಗೆ ಕೂರಿಸಿಕೊಂಡಿದ್ದಳು. ಒಂದು ಸರಳೂ ಅಲುಗಿರಲಿಲ್ಲ. ಅವಳಿಗೆ ಸಂಕೋಚವಾಗಿ, "ಸುಡುಕೆ ಮನಸ್ಸು ಬರ್ಲಿಲ್ಲ ಅಮ್ಮ" ಅಂದಳು. ನಾನು ದನದ ಹಣೆ ಸವರಿ ಬಂದೆ.

ಕಳೆದ ವರ್ಷ ಮಗಳ ಮದುವೆಯಾಯಿತು, ಹರಿಹರಕ್ಕೆ ಹೋದಳು. ಅವಳು ಹೋದ ತಿಂಗಳಿಗೇ ವಿನೋಬನಗರದ ಮನೆಯ ಮಾಲೀಕರು ಮೇಲಿನಿಂದ ಇಳಿದು ಬಂದರು. ಕಾಫಿ ಕುಡಿದರು, ಮದುವೆಯ ಊಟ ಹೊಗಳಿದರು. ಆಮೇಲೆ, "ನಮ್ಮ ಮಗನಿಗೆ ಈ ಕೆಳಗಿನ ಮನೆ ಬೇಕಮ್ಮ. ಮಳೆಗಾಲ ಮುಗಿಯೋದ್ರೊಳಗೆ ಖಾಲಿ ಮಾಡ್ಕೊಟ್ರೆ ಉಪಕಾರ ಆಗುತ್ತೆ. ಬೇರೆ ಯಾರಾದ್ರೂ ಆಗಿದ್ರೆ ಹೇಳೋಕೆ ನಂಗೂ ಕಷ್ಟ ಆಗ್ತಿತ್ತು. ನಿಮಗೇನು, ಸ್ವಂತ ಮನೆ ಇದೆಯಲ್ಲ" ಅಂದರು. ಇದೆ ಎಂದು ನಮ್ಮ ಯಜಮಾನರು ಎದೆ ಉಬ್ಬಿಸಿ ಹೇಳಿದರು. "ನಾವೂ ಅದೇ ಯೋಚ್ನೆ ಮಾಡ್ತಿದ್ವಿ ಸಾರ್. ಇನ್ನೇನು, ಹೊರಡೋದೇ." ನಾನೂ ತಲೆಯಾಡಿಸಿದೆ. ತುಕ್ಕೋ ಪಕ್ಕೋ, ಅದು ನನ್ನದು. ಇರುವಷ್ಟು ದಿನ ಕೆರೆದುಕೊಂಡು ಅಲ್ಲೇ ಇರುತ್ತೇನೆ, ಇನ್ನು ಯಾರ ಮಹಡಿಯಿಂದ ಯಾರು ಇಳಿದು ಬಂದರೂ ನನಗೆ ಹೆದರಿಕೆಯಿಲ್ಲ ಎಂದುಕೊಂಡೆ.

ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಅರ್ಧ ಸಾಮಾನು ಟೆಂಪೋಗೆ ಏರಿಸಿದೆವು. ಗ್ರೈಂಡರು, ಪಾತ್ರೆ, ಹಾಸಿಗೆ, ದೇವರ ಪೆಟ್ಟಿಗೆ. ಬೀದಿಯ ಹೆಂಗಸರು ಕುಂಕುಮ ಕೊಟ್ಟು ಕಳಿಸಿದರು. ಘಾಟಿಯುದ್ದಕ್ಕೂ ನಾನು ದೇವರ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಯಜಮಾನರು ಟೆಂಪೋದವನಿಗೆ ಅಲ್ಲಿ ಯಾವ ಮೀನು ಯಾವಾಗ ಬರುತ್ತದೆ ಎಂದು ಹೇಳುತ್ತಿದ್ದರು, ತಾವು ಅಲ್ಲೇ ಹುಟ್ಟಿದವರ ಹಾಗೆ.

ಟೆಂಪೋ ನಿಲ್ಲುವ ಮುಂಚೆಯೇ ಅಕ್ಕ ಓಡಿ ಬಂದಳು. "ಒಳಗೆ ಹೋಗ್ಬೇಡಿ! ನಿಮ್ಮ ನಂಬರಿಗೆ ಫೋನ್ ಮಾಡಿ ಮಾಡಿ ಸಾಕಾಯ್ತು, ತಾಗ್ಲೇ ಇಲ್ಲ" ಎಂದು ಗೇಟಿಗೆ ಅಡ್ಡ ನಿಂತಳು. ಅವಳ ಹಿಂದೆ ನಮ್ಮ ಮುಂದಿನ ಕೋಣೆಯ ತಾರಸಿ ಅರ್ಧ ಕೆಳಗೆ ಬಂದಿತ್ತು. ಅಡಿಯ ಸಿಮೆಂಟೆಲ್ಲ ಹಲಗೆ ಹಲಗೆಯಾಗಿ ಕಳಚಿ ಬಾಗಿಲ ಮುಂದೆ ಬಿದ್ದಿತ್ತು, ಮೇಲೆ ಕಂಬಿಗಳು ಕಪ್ಪಗೆ ಉಬ್ಬಿ ಜೋತಾಡುತ್ತಿದ್ದವು. ಒಳಗೆ ಮಾಡಿನ ಕಬ್ಬಿಣದ ಪೈಪು ತುಂಡಾಗಿ ಹೆಂಚು ನಡುಮನೆಗೆ ಸುರಿದಿತ್ತು. ಮುರಕಲ್ಲಿನ ಹಳೆಯ ಗೋಡೆಗಳು ಮಾತ್ರ ಇದ್ದ ಹಾಗೇ ಇದ್ದವು. ಅಲ್ಲಿಯ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ದೂರದಿಂದಲೇ ನೋಡಿ, ಉಳಿದದ್ದನ್ನೂ ಇಳಿಸಬೇಕು, ಇದರ ಕೆಳಗೆ ಮಲಗಬೇಡಿ ಎಂದು ಹೇಳಿ ಹೊರಟುಹೋದರು.

ಯಜಮಾನರು ಜೇಬಿನಿಂದ ಫೋನು ತೆಗೆದು, "ನಮ್ಮ ಹುಡುಗ್ರನ್ನ ಕರ್ಸ್ತೀನಿ. ಒಂದ್ ವಾರದ ಕೆಲ್ಸ. ಹೊಸ ಪೈಪ್ ಹಾಕಿದ್ರೆ..." ಅಂದರು.

ನನಗೆ ಎಲ್ಲಿತ್ತೋ ಆ ಸಿಟ್ಟು. "ಯಾವ ಹುಡುಗ್ರು ರೀ? ಗೇಟ್ ಮಾಡಿದ ಅಣ್ಣ ತೀರಿಕೊಂಡು ಎರಡು ವರ್ಷ ಆಯ್ತು! ಇನ್ನೊಬ್ರಿಗೆ ಕಣ್ಣೇ ಕಾಣಲ್ಲ! ಆಯ್ತಲ್ಲ, ಕೂತ್ಕೊಂಡ್ರಲ್ಲ ಗಾಳಿ ಮುಂದೆ? ಸಾಕಾ? ತೃಪ್ತಿ ಆಯ್ತಾ? ಒಂದೇ ಒಂದು ಕೇಳಿದ್ದೆ ನಾನು ನಿಮ್ಮನ್ನ ಇಡೀ ಜನ್ಮದಲ್ಲಿ, ಒಂದೇ ಒಂದು!" ಅಕ್ಕ ನನ್ನ ರಟ್ಟೆ ಹಿಡಿದುಕೊಂಡಳು. ಟೆಂಪೋದವನು ಬೇರೆ ಕಡೆ ತಿರುಗಿ ನಿಂತ. ತಪ್ಪಾಯಿತು ಎಂದು ಇವರು ಒಂದು ಸಲ ಅಂದುಬಿಟ್ಟಿದ್ದರೆ ಆಗಲೇ ಅರ್ಧ ಸಿಟ್ಟು ಇಳಿಯುತ್ತಿತ್ತೋ ಏನೋ. ಅನ್ನಲಿಲ್ಲ. ಬಿದ್ದ ಸಿಮೆಂಟಿನ ತುಂಡೊಂದನ್ನು ಎತ್ತಿ, ಅದರ ಮೇಲೆ ಅಚ್ಚೊತ್ತಿದ್ದ ಕಂಬಿಯ ಗುರುತನ್ನು ಬೆರಳಿನಿಂದ ಸವರುತ್ತಾ ನಿಂತರು.

ಅದೇ ಟೆಂಪೋ, ಅದೇ ಸಾಮಾನು, ಅದೇ ಘಾಟಿ. ವಿನೋಬನಗರದ ಬೀದಿಗೆ ತಿರುಗಿದಾಗ ಬೆಳಿಗ್ಗೆ ಕುಂಕುಮ ಕೊಟ್ಟವರೇ ಗೇಟಿನಲ್ಲಿ ನಿಂತಿದ್ದರು. "ಅಯ್ಯೋ, ಏನಾದ್ರೂ ಮರೆತ್ರಾ?" ಎಂದು ಒಬ್ಬಾಕೆ ಕೇಳಿದಳು. ಮಾಲೀಕರ ಮುಂದೆ ನಿಂತು ಇನ್ನೆರಡು ತಿಂಗಳು ಅವಕಾಶ ಕೊಡಿ ಎಂದು ಕೇಳಿದವಳು ನಾನೇ, ಯಜಮಾನರು ಟೆಂಪೋದಿಂದ ಗ್ರೈಂಡರು ಇಳಿಸುವ ನೆಪದಲ್ಲಿ ಹೊರಗೇ ಉಳಿದರು. ಮಗಳು ಫೋನಿನಲ್ಲಿ ಅತ್ತು, ನಮ್ಮನೆಗೇ ಬಂದುಬಿಡಿ ಅಂದಳು. ಅದು ಅವಳ ಅತ್ತೆ ಮನೆ. ಅಲ್ಲಿಂದ ಏಳು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನಾವೇ ದಿನಾ ಕೇಳಿಸಿಕೊಳ್ಳುತ್ತೇವೆ. ಬೇಡ ಅಂದೆ.

ಮಾರುವುದು ಎಂದು ಹೇಳಿದವಳೂ ನಾನೇ. ಸಮುದ್ರ ನೋಡಲು ಬರುವವರಿಗೆ ರೂಮು ಕಟ್ಟುವ ಒಬ್ಬರು ಮುಂದೆ ಬಂದರು. ಅವರಿಗೆ ಮನೆ ಬೇಡ, ಮಣ್ಣು ಸಾಕು. ಗೋಡೆಯನ್ನೂ ಕೆಡವುತ್ತೇವೆ ಎಂದರು. ಜಾಗ ಚಿಕ್ಕದು, ಅವರು ಕೊಡುವುದರಲ್ಲಿ ಶಿವಮೊಗ್ಗದಲ್ಲಿ ಒಂದು ಬಚ್ಚಲುಮನೆಯೂ ಆಗುವುದಿಲ್ಲ. ರಾಗಿಗುಡ್ಡದ ಆ ಸೈಟಿನ ಮೇಲೆ ಈಗ ಯಾರದೋ ಎರಡಂತಸ್ತಿನ ಮನೆ ಎದ್ದಿದೆ. ಆ ಕಡೆ ಹೋಗಬೇಕಾದರೆ ನಾನು ಬೇರೆ ರಸ್ತೆ ಹಿಡಿಯುತ್ತೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೆ ನನಗೆ ಬುದ್ಧಿ ಮೊದಲೇ ಇತ್ತು. ಒಲೆ ಇರಲಿಲ್ಲ, ಅಷ್ಟೆ.

ಕರಾವಳಿಯ ಆ ನೋಂದಣಿ ಕಚೇರಿಯಲ್ಲಿ ಬೆಂಚಿನ ಮೇಲೆ ನಾವಿಬ್ಬರೂ ಕೂತಿದ್ದೆವು. ಕೊಳ್ಳುವವರು ಆಚೆ ಬದಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರು. ನಮ್ಮ ಸರದಿ ಬಂತು. ಅಧಿಕಾರಿ ನಮ್ಮ ಮಗಳ ವಯಸ್ಸಿನವರು, ತಲೆ ತಗ್ಗಿಸಿ ಕಂಪ್ಯೂಟರು ನೋಡುತ್ತಿದ್ದವರು ನನ್ನ ಹೆಸರು ಓದಿ ತಲೆ ಎತ್ತಿದರು.

"ಅಮ್ಮ, ಆಸ್ತಿ ನಿಮ್ಮ ಹೆಸರಲ್ಲಿದೆ. ಯಾರ ಒತ್ತಾಯವೂ ಇಲ್ಲದೆ ನೀವು ಸ್ವಂತ ಇಷ್ಟದಿಂದ ಮಾರ್ತಾ ಇದ್ದೀರಾ?"

ಎಲ್ಲರನ್ನೂ ಕೇಳುವ ಪ್ರಶ್ನೆ, ನನಗೆ ಗೊತ್ತು. ಆದರೂ ಹುಟ್ಟಿದಾಗಿನಿಂದ ಎಷ್ಟು ಬಾಗಿಲು ಹೊಕ್ಕೆ, ಎಷ್ಟು ಬಾಗಿಲು ಬಿಟ್ಟೆ, ನಿನಗೆ ಇಷ್ಟವೇನಮ್ಮ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಹೌದು ಮೇಡಂ" ಅಂದರು ಯಜಮಾನರು.

"ನಿಮ್ಮನ್ನಲ್ಲ. ಅವರನ್ನ ಕೇಳಿದ್ದು."

ಇವರು ನನ್ನ ಕಡೆ ತಿರುಗಿದರು. ಹಿಂದೆ ಸಾಲಿನಲ್ಲಿದ್ದವರೂ ನೋಡುತ್ತಿದ್ದರು.

"ಹೌದು" ಅಂದೆ.

"ಸರಿ. ಕ್ಯಾಮೆರಾ ಕಡೆ ನೋಡಿ ಅಮ್ಮ" ಅಂದರು ಆ ಹುಡುಗಿ. ನೋಡಿದೆ.